ಅಟ್ಟದ ಇಲಿ, ದ್ವೀಪದ ಬಾತು

16 ನವೆಂಬರ್ 2025, ಭಾನುವಾರ, ಮೈಸೂರು

ಅಟ್ಟದ ಇಲಿ ಇವತ್ತೂ ಸಿಗಲಿಲ್ಲ. ಬೋನಿನ ಬಾಗಿಲೇನೋ ಬಿದ್ದಿತ್ತು, ಒಳಗೆ ಇಲಿಯೂ ಇಲ್ಲ, ವಡೆಯೂ ಇಲ್ಲ. "ಕೊಬ್ಬರಿ ಸುಟ್ಟು ಸಿಗಿಸು ಅಂದ್ರೆ ಹಳಸಿದ ವಡೆ ಇಡ್ತೀಯ" ಅಂತ ಅಮ್ಮ. ಹಳಸಿದ್ದನ್ನು ಅದು ಯಾಕೆ ತಿಂತು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ದಡದ ಹತ್ತಿರವೇ ಒಂದು ಜೋಡಿ ಚುಕ್ಕೆ ಕೊಕ್ಕಿನ ಬಾತು ಇದ್ದವು. ಎಲ್ಲಿಂದಲೋ ಒಂದು ನಾಯಿ ಬಂತು. ಎರಡೂ ಪಟಪಟ ರೆಕ್ಕೆ ಬಡಿದು ನಡುನೀರಿಗೆ ಹೋಗಿ ಇಳಿದವು, ಕೊಕ್ಕಿನ ತುದಿಯ ಹಳದಿ ಮಾತ್ರ ದೂರಕ್ಕೂ ಕಾಣುತ್ತಿತ್ತು. ರೆಕ್ಕೆ ಇದ್ದವರ ಕಥೆ ಇಷ್ಟೇ, ಅಲ್ವಾ?

ವಾರದಿಂದ ನಾನು ಓದುತ್ತಿರುವುದು ಹಾರಲು ಬಾರದ ಬಾತಿನ ಬಗ್ಗೆ. ನ್ಯೂಜಿಲೆಂಡಿನಿಂದ ದಕ್ಷಿಣಕ್ಕೆ ಸುಮಾರು 700 ಕಿಲೋಮೀಟರ್ ದೂರದ ಕ್ಯಾಂಪ್‌ಬೆಲ್ ದ್ವೀಪದ್ದು. ಕಂದು ಬಣ್ಣದ ಪುಟ್ಟ ಹಕ್ಕಿ, ಓಡಾಟವೆಲ್ಲ ಜಾಸ್ತಿ ರಾತ್ರಿ ಹೊತ್ತೇ. ನಾಲ್ಕು ಕಾಲಿನ ಬೇಟೆಗಾರನನ್ನೇ ನೋಡದ ಜಾಗದಲ್ಲಿ ತಲೆಮಾರುಗಟ್ಟಲೆ ಬದುಕಿ ಬದುಕಿ ರೆಕ್ಕೆ ಗಿಡ್ಡವಾಗಿಬಿಟ್ಟಿದೆ. ಅಂಥ ಕಡೆ ಸೀಲ್, ತಿಮಿಂಗಿಲ ಬೇಟೆಯವರ ಹಡಗಿನಿಂದ ಇಲಿಗಳು ಇಳಿದವು. ಗೂಡು ನೆಲದ ಮೇಲೆ, ಮೊಟ್ಟೆ ಬಾಯಿಗೆ ಎಟುಕುವ ಹಾಗೆ, ಇನ್ನೇನು ಉಳಿಯುತ್ತೆ. ಬಾತು ಮುಗಿದೇ ಹೋಯಿತು ಅಂದುಕೊಂಡಿದ್ದರು. 1975ರಲ್ಲಿ ಪಕ್ಕದ ಡೆಂಟ್ ಎಂಬ ಕಡಿದಾದ ಪುಟ್ಟ ದ್ವೀಪದಲ್ಲಿ ಕೆಲವು ಸಿಕ್ಕವು. ಅಲ್ಲಿಗೆ ಇಲಿ ಹೋಗಿರಲಿಲ್ಲ. ಇಡೀ ದ್ವೀಪ 23 ಹೆಕ್ಟೇರ್, ನಮ್ಮ ಕೆರೆಗಿಂತ ಚಿಕ್ಕದು!

ಅಲ್ಲಿಂದ ಕೆಲವನ್ನು ಹಿಡಿದು ತಂದು 1984ರಿಂದ ಸಾಕಿದರು. ಹತ್ತು ವರ್ಷ ಒಂದೂ ಮರಿ ಇಲ್ಲ. 1994ರಲ್ಲಿ ಡೇಸಿ ಎಂಬ ಹೆಣ್ಣು ಬಾತು ಕೊನೆಗೂ ಮೊಟ್ಟೆ ಇಟ್ಟಿತು. (ಆ ಹತ್ತು ವರ್ಷ ದಿನಾ ಬೆಳಿಗ್ಗೆ ಗೂಡು ಇಣುಕಿ ನೋಡಿದವರ ಮುಖ ನೆನೆಸಿಕೊಳ್ಳಿ. ನನಗೆ ನಾಲ್ಕು ದಿನಕ್ಕೇ ಬೋನು ಬೇಜಾರಾಗಿದೆ.)

ಮರಿ ಆದರೂ ಬಿಡೋದೆಲ್ಲಿ? ಮನೆ ತುಂಬ ಇಲಿ. ಅದಕ್ಕೆ 2001ರಲ್ಲಿ ಹೆಲಿಕಾಪ್ಟರಿನಿಂದ 11,300 ಹೆಕ್ಟೇರಿಗೂ ಇಲಿ ಪಾಷಾಣ ಉದುರಿಸಿದರು, ಒಟ್ಟು 120 ಟನ್. ಒಂದು ಬಸುರಿ ಇಲಿ ಉಳಿದರೂ ಕೆಲಸ ಕೆಟ್ಟಂತೆ. 2003ರಲ್ಲಿ ಹುಡುಕಿದರೆ ಒಂದೂ ಇಲ್ಲ. ಮರುವರ್ಷ 50 ಬಾತುಗಳನ್ನು ವಾಪಸ್ ಬಿಟ್ಟರು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ಅಟ್ಟದ ಕಡೆ ನೋಡಿ, "ಅದರಲ್ಲಿ ಒಂದು ಹಿಡಿ ಉಳಿದಿದ್ರೆ ಕೇಳು" ಅಂದರು.