ಅಂಗೈಯಗಲದ ಡಾಸ್ ಯಂತ್ರಕ್ಕೆ ವೈ-ಫೈ ನಂಟು

ಕಲಬುರಗಿಯ ಮನೆಯಲ್ಲಿ ನಾನು ದಿನವೂ ಟಿಪ್ಪಣಿ ಬರೆಯಲು ಬಳಸುವ ಎಚ್‌ಪಿ 200ಎಲ್‌ಎಕ್ಸ್ 1994ರಲ್ಲಿ ಮಾರುಕಟ್ಟೆಗೆ ಬಂದ ಕಿಸೆ ಕಂಪ್ಯೂಟರ್. ಎರಡು ಎಎ ಸೆಲ್ಲುಗಳಿಂದ ನಡೆಯುವ ಅದರಲ್ಲಿ ಎಂಎಸ್-ಡಾಸ್ 5.0 ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಅಡಕವಾಗಿದೆ. ಅದರ ಪಿಸಿಎಂಸಿಐಎ ಎಂಬ ವಿಸ್ತರಣಾ ಕಿಂಡಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡ್ ಜೋಡಿಸುವುದು ಸುಲಭ, ಏಕೆಂದರೆ ಕಾರ್ಡಿನ 50 ಪಿನ್ನುಗಳು ಕಿಂಡಿಯ 68 ಪಿನ್ನುಗಳ ಸಂಕೇತಗಳನ್ನೇ ಅನುಸರಿಸುವುದರಿಂದ ನಡುವಿನ ಅಡಾಪ್ಟರಿನಲ್ಲಿ ಯಾವ ಚಿಪ್ಪೂ ಬೇಕಿಲ್ಲ. ಕಡತಗಳನ್ನು ಜೋಡಿಸಿಡುವ ಫ್ಯಾಟ್16 ಪದ್ಧತಿಯಲ್ಲಿ ಕಾರ್ಡಿನೊಳಗೆ 2 ಜಿಬಿ ಮೀರದ ವಿಭಾಗ ಮಾಡಿಕೊಂಡರೆ ಸಾಕು.

ಇನ್ನು ವೈ-ಫೈ ಸೇರಲು ನನಗೆ ಹೆಚ್ಚು ಪ್ರಿಯವಾದದ್ದು, ಮಾಹಿತಿಯನ್ನು ಬಿಟ್ ಬಿಟ್ಟಾಗಿ ಸಾಗಿಸುವ ಸೀರಿಯಲ್ ಪೋರ್ಟಿನ ದಾರಿ. ಇಎಸ್‌ಪಿ8266 ಎಂಬ ಅಗ್ಗದ ವೈ-ಫೈ ಚಿಪ್ಪಿಗೆ ಹಿಂದಿನ ದೂರವಾಣಿ ಮೋಡೆಮ್ ಅನುಕರಿಸುವ ತಂತ್ರಾಂಶ ತುಂಬಿದರೆ, ರೂಟರಿನ ಡಬ್ಲ್ಯೂಪಿಎ2 ಗೂಢಲಿಪಿಯ ಭಾರವನ್ನೆಲ್ಲ ಅದೇ ಹೊರುತ್ತದೆ. ಹಳೆಯ ಯಂತ್ರ ಮೋಡೆಮ್‌ಗೆ ಕರೆ ಮಾಡಲು ಹೇಳುವ ಎಟಿಡಿಟಿ ಆದೇಶ ಬರೆದು ದೂರವಾಣಿ ಸಂಖ್ಯೆಯ ಜಾಗದಲ್ಲಿ ಸರ್ವರಿನ ಹೆಸರು ಕೊಟ್ಟರೆ, ದೂರದ ಯಂತ್ರವನ್ನು ಅಕ್ಷರಗಳಲ್ಲೇ ನಡೆಸುವ ಟೆಲ್ನೆಟ್ ಸಂಪರ್ಕ ತೆರೆದುಕೊಳ್ಳುತ್ತದೆ. ಚಿಪ್ಪು 3.3 ವೋಲ್ಟಿನದು, ಸೀರಿಯಲ್ ಪೋರ್ಟಿನ ಆರ್‌ಎಸ್-232 ತಂತಿಯಲ್ಲಿ ಅದಕ್ಕಿಂತ ಹೆಚ್ಚಿನ ಹಾಗೂ ಋಣ ವೋಲ್ಟೇಜು ಹರಿಯಬಹುದಾದ್ದರಿಂದ ನಡುವೆ ಮ್ಯಾಕ್ಸ್3232 ಪರಿವರ್ತಕ ಇರಲೇಬೇಕು. ಟೆಲ್ನೆಟ್ಟಿನಲ್ಲಿ ಗುಪ್ತಪದ ಬಯಲಾಗಿಯೇ ಸಾಗುತ್ತದೆಯಾದ್ದರಿಂದ ಮನೆಯ ಜಾಲದೊಳಗಿನ ಲಿನಕ್ಸ್ ಯಂತ್ರಕ್ಕೆ ಸಂಪರ್ಕಿಸಿ, ಹೊರಜಗತ್ತಿಗೆ ಅಲ್ಲಿಂದ ಗೂಢಲಿಪಿಯ ಸಂಪರ್ಕವಾದ ಎಸ್‌ಎಸ್‌ಎಚ್ ಮೂಲಕ ಹೋಗುವುದೇ ಕ್ಷೇಮವೆಂದು ನನ್ನ ದೃಢ ಅಭಿಪ್ರಾಯ.

ನಮ್ಮ ಭಾಗದ ಬೇಸಿಗೆಯ ಕಾವಿನಲ್ಲಿ ಆಲ್ಕಲೈನ್ ಸೆಲ್ಲುಗಳು ಬೇಗ ಸೋರುತ್ತವೆ. ಯಂತ್ರವನ್ನು ಬಹುಕಾಲ ಎತ್ತಿಡುವವರು ಕಡತಗಳನ್ನು ಕಾರ್ಡಿಗೆ ನಕಲಿಸಿ ಸೆಲ್ಲುಗಳನ್ನು ತೆಗೆದಿಡಬೇಕು, ಏಕೆಂದರೆ ಅದರ ಒಳಗಿನ ಸಿ ಡ್ರೈವ್ ವಿದ್ಯುತ್ತನ್ನೇ ನಂಬಿರುವ ರ‍್ಯಾಮ್.