ಸೋಯಾಬೀನ್ ರೇಟು ಕೇಳುವ ಅಣ್ಣತಮ್ಮ

13 ಜುಲೈ 2025, ಭಾನುವಾರ
ಸಾಗರ

ಬೆಳಗ್ಗೆಯಿಂದ ಒಂದೇ ಸಮ ಮಳೆ. ಹತ್ತೂವರೆಗೆ ಹೋದ ಕರೆಂಟು ಬಂದಿದ್ದು ಸಂಜೆ ನಾಲ್ಕಕ್ಕೆ. ಬಟ್ಟೆ ಒಣಗಲಿಲ್ಲ, ಹೊರಗೆ ಹೋಗುವ ಹಾಗೂ ಇರಲಿಲ್ಲ. ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೆಂಟ್ ಹ್ಯಾರುಫ್ ಬರೆದ 'ಪ್ಲೇನ್‌ಸಾಂಗ್' ಎರಡನೇ ಸಲ ಓದಿ ಮುಗಿಸಿದೆ. ಕೊನೆಯ ಪುಟ ಮುಗಿದ ಮೇಲೂ ಸ್ವಲ್ಪ ಹೊತ್ತು ಪುಸ್ತಕ ಮಡಿಲಲ್ಲೇ ಇತ್ತು.

1999ರಲ್ಲಿ ಬಂದ ಕಾದಂಬರಿ ಇದು. ಕೊಲೊರಾಡೊದ ಬಯಲಿನಲ್ಲಿ ಹೋಲ್ಟ್ ಅನ್ನುವ ಒಂದು ಸಣ್ಣ ಊರು. ಹ್ಯಾರುಫ್ ಕಟ್ಟಿಕೊಂಡ ಊರು ಅದು, ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಕ್ಟೋರಿಯಾ ಅಂತ ಹದಿನೇಳರ ಹುಡುಗಿ, ಬಸುರಿ. ಅವಳ ಅಮ್ಮ ಮನೆಯಿಂದ ಹೊರಗೆ ಹಾಕಿದ್ದಾಳೆ. ಶಾಲೆಯ ಟೀಚರ್ ಒಬ್ಬಳು ಈ ಹುಡುಗಿಯನ್ನು ಊರಾಚೆ ದನ ಸಾಕಿಕೊಂಡಿರುವ ಮ್ಯಾಕ್‌ಫೆರನ್ ಅಣ್ಣತಮ್ಮಂದಿರ ಮನೆಗೆ ಕಳಿಸುತ್ತಾಳೆ. ಇಬ್ಬರೂ ಮದುವೆಯಾಗದ ಮುದುಕರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು, ದನ, ಬೇಲಿ, ಹುಲ್ಲು ಬಿಟ್ಟರೆ ಬೇರೇನೂ ನೋಡದೆ ಬದುಕಿದವರು. ಹುಡುಗಿಯ ಜೊತೆ ಏನು ಮಾತಾಡಬೇಕು ಅಂತ ಗೊತ್ತಿಲ್ಲ. ಮೂರೂ ಜನ ಸುಮ್ನೆ ಊಟ ಮಾಡುತ್ತಾರೆ, ಏಳುತ್ತಾರೆ. ಹುಡುಗಿಗೆ ಆ ಮೌನ ತಡೆಯಲಾಗುವುದಿಲ್ಲ, ಟೀಚರ್ ಹತ್ತಿರ ಹೇಳಿಕೊಳ್ಳುತ್ತಾಳೆ. ಟೀಚರ್ ಅಣ್ಣತಮ್ಮಂದಿರಿಗೆ, ಅವಳ ಜೊತೆ ಮಾತಾಡಿ, ಆ ವಯಸ್ಸಿನವರಿಗೆ ಮಾತು ಬೇಕಾಗುತ್ತದೆ ಅಂತ ಹೇಳುತ್ತಾಳೆ.

ಆ ರಾತ್ರಿ ಊಟವಾದ ಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು ಕೇಳುವುದೇನು ಗೊತ್ತಾ? ಮಾರ್ಕೆಟ್ ಬಗ್ಗೆ ನಿನಗೇನು ಅನಿಸುತ್ತದೆ ಅಂತ! ರೇಡಿಯೋದಲ್ಲಿ ಹೇಳಿದರಂತೆ, ಸೋಯಾಬೀನ್ ಸ್ವಲ್ಪ ಇಳಿದಿದೆ, ದನದ ರೇಟು ಹಾಗೇ ನಿಂತಿದೆ, ನೀನಾದರೆ ಕೊಳ್ಳುತ್ತೀಯೋ ಮಾರುತ್ತೀಯೋ? ಹುಡುಗಿಗೆ ಒಂದು ಕ್ಷಣ ಏನೂ ಅರ್ಥ ಆಗುವುದಿಲ್ಲ. ಆಮೇಲೆ, ನನಗೆ ಗೊತ್ತಿಲ್ಲ, ನೀವೇ ಸ್ವಲ್ಪ ವಿವರಿಸಿ ಅನ್ನುತ್ತಾಳೆ. ಅಷ್ಟು ಸಾಕಾಯಿತು. ಇಬ್ಬರು ಮುದುಕರು ಒಬ್ಬರ ಮಾತನ್ನು ಒಬ್ಬರು ಮುಂದುವರಿಸುತ್ತಾ, ತಮಗೆ ಗೊತ್ತಿರುವ ಒಂದೇ ವಿಷಯವನ್ನು, ಈ ಜಗತ್ತಿನಲ್ಲಿ ತಮ್ಮ ಹತ್ತಿರ ಕೊಡಲು ಇರುವುದೇ ಇದು ಅನ್ನುವ ಹಾಗೆ, ಅವಳ ಮುಂದೆ ಇಡುತ್ತಾರೆ. ಪ್ರೀತಿ ಅನ್ನುವ ಪದ ಆ ಪುಟಗಳಲ್ಲಿ ಎಲ್ಲೂ ಬೇಕಾಗಿಲ್ಲ.

ನಾನು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಭಾನುವಾರ ಮನೆಗೆ ಫೋನ್ ಮಾಡಿದರೆ ಅಪ್ಪಯ್ಯ ಎತ್ತುತ್ತಿದ್ದರು. "ಊಟ ಆಯ್ತಾ ಮಾರಾಯ್ತಿ?" ಆಯ್ತು ಅಂದರೆ ಮಳೆ ಎಷ್ಟು ಬಂತು ಅಂತ ಹೇಳುವುದು. ಆಮೇಲೆ ಅಡಿಕೆಯಲ್ಲಿ ರಾಶಿಗೆ ಎಷ್ಟಾಗಿದೆ, ಬೆಟ್ಟೆಗೆ ಎಷ್ಟಾಗಿದೆ, ಸರಕು ಕೇಳುವವರಿಲ್ಲ. ಅಷ್ಟು ಹೇಳಿ "ಅಮ್ಮಂಗೆ ಕೊಡ್ತೆ" ಅಂತ ಫೋನ್ ದಾಟಿಸಿಬಿಡುತ್ತಿದ್ದರು. ಮಗಳಿಗೆ ಯಾಕೆ ಅಡಿಕೆ ರೇಟು ಅಂತ ಆಗ ಸಿಟ್ಟು ಬರುತ್ತಿತ್ತು. ಹೋಲ್ಟ್‌ನ ಆ ಊಟದ ಮೇಜು ಮೊದಲ ಸಲ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಮೆರಿಕ ಅಂದರೆ ನಮಗೆ ಸಿನಿಮಾದಿಂದ ಬಂದ ಚಿತ್ರವೇ ಜಾಸ್ತಿ. ಎಲ್ಲರೂ ಪಟಪಟ ಮಾತಾಡುತ್ತಾರೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಎದುರೆದುರೇ ಹೇಳಿಬಿಡುತ್ತಾರೆ. ಆದರೆ ಈ ಹತ್ತು ಹನ್ನೆರಡು ವರ್ಷದಲ್ಲಿ ನಾನು ಓದಿ ಇಷ್ಟಪಟ್ಟ ಅಲ್ಲಿನ ಕಾದಂಬರಿಗಳಲ್ಲಿ ಇರುವವರು ಬೇರೆ ಜನ. ಹೇಳಲು ಬರದವರು. ಹೇಳಬೇಕಾದ ಹೊತ್ತಿನಲ್ಲಿ ಮಾತು ಸಿಗದವರು. ಅವರನ್ನು ಇಷ್ಟು ಹತ್ತಿರದಿಂದ ಬರೆದವರು ಬೇರೆ ಕಡೆ ನನಗೆ ಹೆಚ್ಚು ಸಿಕ್ಕಿಲ್ಲ.

ಜಾನ್ ವಿಲಿಯಮ್ಸ್ ಬರೆದ 'ಸ್ಟೋನರ್' ತಗೊಳ್ಳಿ. 1965ರಲ್ಲಿ ಬಂದಾಗ ಸುಮಾರು ಎರಡು ಸಾವಿರ ಪ್ರತಿ ಖರ್ಚಾಗಿ ಮರೆಯಾದ ಪುಸ್ತಕ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಅಚ್ಚಾಯಿತು. ಫ್ರೆಂಚ್ ಅನುವಾದ ಬಂದ ಮೇಲೆ ಯುರೋಪಿನಲ್ಲೆಲ್ಲ ಓದಿದರು. ಅಷ್ಟರಲ್ಲಿ ಬರೆದವನು ತೀರಿಕೊಂಡು ವರ್ಷಗಳೇ ಆಗಿದ್ದವು. ಮಿಸ್ಸೌರಿಯ ಬಡ ರೈತನ ಮಗ ಸ್ಟೋನರ್, ಕೃಷಿ ಕಲಿಯಲು ಯೂನಿವರ್ಸಿಟಿಗೆ ಹೋದವನು, ಸಾಹಿತ್ಯದ ಕ್ಲಾಸಿನಲ್ಲಿ ಸಿಕ್ಕಿಹಾಕಿಕೊಂಡು ದಾರಿ ಬದಲಿಸುತ್ತಾನೆ. ಮನೆಯಲ್ಲಿ ಹೇಳುವುದಿಲ್ಲ. ಪದವಿ ಸಮಾರಂಭಕ್ಕೆ ಅಪ್ಪ ಅಮ್ಮ ಗಾಡಿ ಕಟ್ಟಿಕೊಂಡು ಅಷ್ಟು ದೂರದಿಂದ ಬರುತ್ತಾರೆ. ನಾನು ಜಮೀನಿಗೆ ವಾಪಸ್ ಬರುವುದಿಲ್ಲ ಅಂತ ಆವತ್ತು ರಾತ್ರಿ ಹೇಳುತ್ತಾನೆ. ಅಪ್ಪ ಬೈಯುವುದಿಲ್ಲ. ನಿನಗೆ ಒಳ್ಳೆಯದಾಗಲಿ ಅಂತಲೇ ಇಲ್ಲಿಗೆ ಕಳಿಸಿದ್ದು ಅನ್ನುತ್ತಾನೆ. ನೀನು ಇಲ್ಲೇ ಇರಬೇಕು ಅನಿಸಿದರೆ ಇರು, ನಾನೂ ಅಮ್ಮನೂ ಹೇಗೋ ನೋಡಿಕೊಳ್ಳುತ್ತೇವೆ. ಅಮ್ಮ ಮುಷ್ಟಿ ಬಿಗಿದು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಳೆ. ಅವಳು ಅಳುತ್ತಿದ್ದಾಳೆ ಅನ್ನುವುದು ಮಗನಿಗೆ ಗೊತ್ತಾಗುವುದೇ ತಡವಾಗಿ. ತೋಟ ಬಿಟ್ಟು ಓದಲು ಹೋದ ನಮ್ಮ ಕಡೆಯ ಎಷ್ಟು ಮಕ್ಕಳು ಆ ಕೋಣೆಯಲ್ಲಿ ನಿಂತಿಲ್ಲ ಹೇಳಿ. ಮುಂದಿನ ಭಾಗದಲ್ಲಿ ಸ್ಟೋನರ್‌ನ ಹೆಂಡತಿ ಈಡಿತ್‌ಗೆ ಬರಹಗಾರ ನ್ಯಾಯ ಮಾಡಿಲ್ಲ ಅನ್ನುವುದು ನನ್ನ ದೊಡ್ಡ ತಕರಾರು. ಅವಳಿಗೂ ಹೇಳಲಾಗದ್ದು ಏನೋ ಇತ್ತು, ಅದರ ಒಳಗೆ ಅವನು ಹೋಗಲೇ ಇಲ್ಲ.

ಮೇರಿಲಿನ್ ರಾಬಿನ್ಸನ್ ಬರೆದ 'ಗಿಲಿಯಡ್' ಬಗ್ಗೆ ನನಗೂ ಗೆಳತಿಗೂ ಯಾವಾಗಲೂ ಜಗಳ. 2004ರ ಪುಸ್ತಕ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಎಪ್ಪತ್ತಾರು ವರ್ಷದ ಪಾದ್ರಿ, ಹೃದಯದ ಕಾಯಿಲೆ, ಏಳು ತುಂಬದ ಮಗ. ಮಗ ದೊಡ್ಡವನಾಗುವಾಗ ತಾನಿರುವುದಿಲ್ಲ ಅಂತ ಕಾಗದ ಬರೆಯುತ್ತಾನೆ. "ಕಥೆಯೇ ಇಲ್ಲ, ಬರೀ ಉಪದೇಶ" ಅನ್ನುತ್ತಾಳೆ ಅವಳು. ನನಗೆ ಹಾಗೆ ಅನಿಸುವುದಿಲ್ಲ. ಸಿಡಿಲು ಬಡಿದು ಸುಟ್ಟ ಚರ್ಚನ್ನು ಊರವರು ಮಳೆಯಲ್ಲಿ ಕೆಡವುತ್ತಿರುತ್ತಾರೆ, ಪಾದ್ರಿಯ ಅಪ್ಪ ಮಸಿ ಹತ್ತಿದ ಕೈಯಲ್ಲೇ ಬಿಸ್ಕತ್ತು ಮುರಿದು ಪುಟ್ಟ ಹುಡುಗನಾಗಿದ್ದ ಅವನಿಗೆ ಕೊಡುತ್ತಾನೆ. ಮುದುಕನಾದ ಮೇಲೂ ಅದು ಅವನಿಗೆ ಪ್ರಸಾದವಾಗಿಯೇ ನೆನಪಿದೆ. ಮಳೆ, ಮಸಿ, ಬಿಸ್ಕತ್ತು. ಇದಕ್ಕಿಂತ ಇನ್ನೇನು ಕಥೆ ಬೇಕು?

ಟೋನಿ ಮಾರಿಸನ್ ಬರೆದ 'ಬಿಲವಡ್' ಮಾತ್ರ ಇವರ ಸಾಲಿನಲ್ಲಿ ಇಡಲು ಕೈ ಬರುವುದಿಲ್ಲ. ಅಲ್ಲಿಯ ಮೌನ ಸ್ವಭಾವದಿಂದ ಬಂದದ್ದಲ್ಲ, ಗುಲಾಮಗಿರಿ ಬಾಯಿಗೆ ತುರುಕಿದ್ದು. 1856ರಲ್ಲಿ ಕೆಂಟಕಿಯಿಂದ ಓಹಾಯೋ ನದಿ ದಾಟಿ ತಪ್ಪಿಸಿಕೊಂಡ ಮಾರ್ಗರೆಟ್ ಗಾರ್ನರ್, ಹಿಡಿಯಲು ಬಂದವರ ಕೈಗೆ ಕೊಡಬಾರದು ಅಂತ ಮಗಳನ್ನು ಕೊಂದಳು. ಆ ಸುದ್ದಿಯಿಂದ ಹುಟ್ಟಿದ ಕಾದಂಬರಿ. ಅದರಲ್ಲಿ ಆ ತಾಯಿಯ ಹೆಸರು ಸೆತೆ, ಅವಳು ಮಾಡಿದ್ದು ಪೇಪರಿನಲ್ಲಿ ಬಂದಿದೆ. ಪಾಲ್ ಡಿ ಅನ್ನುವವನಿಗೆ ಓದಲು ಬರುವುದಿಲ್ಲ, ಚಿತ್ರ ನೋಡಿ, ಇದು ಅವಳ ಬಾಯಿ ಅಲ್ಲ ಅಂತ ಹಟ ಹಿಡಿಯುತ್ತಾನೆ. ಆ ಪೇಪರ್ ತುಂಡು ತಂದು ಅವಳ ಮುಂದೆ ಇಟ್ಟಾಗ ಸೆತೆ ಹೇಳಲು ಶುರು ಮಾಡುತ್ತಾಳೆ, ಅಡಿಗೆಮನೆಯಲ್ಲಿ ಸುತ್ತುತ್ತಾಳೆ, ಸುತ್ತುತ್ತಲೇ ಇರುತ್ತಾಳೆ, ಮೇಜು ದಾಟಿ, ಕಿಟಕಿ ದಾಟಿ, ಮತ್ತೆ ಅಲ್ಲಿಗೇ. ವಿಷಯದ ಹತ್ತಿರ ಬಂದು ಪಕ್ಕಕ್ಕೆ ಸರಿಯುತ್ತಾಳೆ. ಕೇಳುವವನಿಗೆ ತಲೆ ತಿರುಗುತ್ತದೆ. ಓದುವಾಗ ನನಗೂ ತಿರುಗಿತು, ಪುಸ್ತಕ ಮಡಚಿ ಅಂಗಳಕ್ಕೆ ಬಂದು ನಿಂತಿದ್ದೆ. 1987ರಲ್ಲಿ ಬಂದದ್ದು. ಆಮೇಲಿನ ಅಮೆರಿಕನ್ ಕಾದಂಬರಿಗಳಲ್ಲಿ ನಾನು ಓದಿದ ಯಾವುದೂ ಇದರ ಎತ್ತರಕ್ಕೆ ಹೋಗಿಲ್ಲ.

ದಪ್ಪ ಪುಸ್ತಕಗಳ ಮೇಲೆ ನನಗೆ ದ್ವೇಷ ಇಲ್ಲ. ಫ್ರಾನ್ಜೆನ್ ಬರೆದ 'ದಿ ಕರೆಕ್ಷನ್ಸ್' (2001) ಐನೂರು ಪುಟ ದಾಟುತ್ತದೆ, ಅದರಲ್ಲಿ ಚಿಕ್ಕ ಮಗ ಲಿಥುವೇನಿಯಾಗೆ ಹೋಗುವ ಭಾಗ ಪೂರ್ತಿ ಕಿತ್ತು ಹಾಕಿದರೂ ನನಗೇನೂ ನಷ್ಟ ಇಲ್ಲ. ಆದರೆ ಆಲ್ಫ್ರೆಡ್ ಇದ್ದಾನಲ್ಲ, ಪಾರ್ಕಿನ್ಸನ್ ಬಂದ ಆ ರೈಲ್ವೆ ಎಂಜಿನಿಯರ್, ಬಿಗುಮುಖದ ಅಪ್ಪ. ಮಗಳ ಮರ್ಯಾದೆ ಹೋಗಬಾರದು ಅಂತ ಪೂರ್ತಿ ಪಿಂಚಣಿ ಸಿಗುವ ಮೊದಲೇ ಕೆಲಸ ಬಿಟ್ಟು ಮನೆಗೆ ಬಂದವನು. ಯಾಕೆ ಬಿಟ್ಟೆ ಅಂತ ಹೆಂಡತಿ ವರ್ಷಗಟ್ಟಲೆ ಪೀಡಿಸಿದರೂ ಬಾಯಿ ಬಿಡಲಿಲ್ಲ. ಮಗಳಿಗೆ ಅದು ತಿಳಿಯುವುದು ಎಷ್ಟೋ ವರ್ಷದ ಮೇಲೆ. ಅವನಿಗೋಸ್ಕರ ಆ ಐನೂರು ಪುಟ ಮತ್ತೊಂದು ಸಲ ಓದುತ್ತೇನೆ.

ಡೇವಿಡ್ ಫಾಸ್ಟರ್ ವಾಲೇಸ್ ಬರೆದ 'ಇನ್ಫಿನಿಟ್ ಜೆಸ್ಟ್' ಮಾತ್ರ ಇನ್ನೂ ದಾಟಲು ಆಗಿಲ್ಲ. 1079 ಪುಟ, ಅದರಲ್ಲಿ ಹಿಂದೆ 388 ಟಿಪ್ಪಣಿ. ಬುದ್ಧಿ ಎಷ್ಟಿದೆ ಅಂತ ಪ್ರತಿ ಸಾಲಿನಲ್ಲೂ ಕಾಣುತ್ತದೆ, ಅದೇ ನನಗೆ ಅಡ್ಡ ಬರುತ್ತಿತ್ತು. ಇನ್ನೂರು ಚಿಲ್ಲರೆ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟಿದ್ದೆ. ಸಂಜೆ ಕರೆಂಟ್ ಬಂದ ಮೇಲೆ ಗೆಳತಿ ಫೋನ್ ಮಾಡಿದಳು. ಮ್ಯಾಕ್‌ಫೆರನ್ ಅಣ್ಣತಮ್ಮಂದಿರ ಕಥೆ ಅವಳಿಗೆ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ, "ನೀನು ಹುಡುಕೋದು ಅದರಲ್ಲೂ ಇದೆ ಕಣೆ, ನೀನು ಅಲ್ಲಿವರೆಗೆ ಹೋಗಲೇ ಇಲ್ಲ" ಅಂದಳು. ಡಾನ್ ಗೇಟ್ಲಿ ಅಂತ ಒಬ್ಬ, ಚಟ ಬಿಟ್ಟವನು, ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿರುತ್ತಾನಂತೆ. ಗಂಟಲಿಗೆ ನಳಿಕೆ. ಮಾತು ಬರುವುದಿಲ್ಲ. ಮತ್ತೆ ಆ ಚಟಕ್ಕೆ ಬೀಳಬಾರದು ಅಂತ ನೋವಿನ ಔಷಧಿಯೂ ಬೇಡ ಅನ್ನುತ್ತಾನೆ, ಅದನ್ನೂ ಸನ್ನೆಯಲ್ಲೇ ಹೇಳಬೇಕು. ಬಂದವರೆಲ್ಲ ಹಾಸಿಗೆ ಪಕ್ಕ ಕೂತು ತಮ್ಮ ತಮ್ಮ ಗೋಳು ಅವನ ಹತ್ತಿರ ಹೇಳಿಕೊಳ್ಳುತ್ತಾರಂತೆ.

ಸೀದಾ ಅಲ್ಲಿಂದಲೇ ಓದಲಾ ಅಂತ ಕೇಳಿದೆ. ಬೇಡ, ಅವನು ಯಾರು ಅಂತ ಗೊತ್ತಾಗಿ ಅಲ್ಲಿಗೆ ಹೋಗಬೇಕು ಅಂದಳು.

ಬೀರುವಿನ ಮೇಲಿಂದ ಇಳಿಸಿದ್ದೇನೆ. ರಟ್ಟಿಗೆ ಸ್ವಲ್ಪ ಬೂಸಲು ಹಿಡಿದಿತ್ತು, ಒರೆಸಿ ಒಲೆ ಹತ್ತಿರ ಇಟ್ಟಿದ್ದೇನೆ.