ತಲೆ ಲೆಕ್ಕ

"ನಾನು ಹೋದ್ರೆ ನಿಂಗೆ ದಿನಕ್ಕೆ ಎಷ್ಟು ಲಾಸ್?"

ಈ ವಾರ ಪೂರ್ತಿ ತಲೇಲಿ ಇದೇ ಒಂದು ಪ್ರಶ್ನೆ. ಬೆಳಿಗ್ಗೆ ಮೂರೂವರೆಗೆ ಎದ್ದು ಪ್ರೊಪೇನ್ ಸ್ಟೌ ಹಚ್ಚುವಾಗ್ಲೂ ಅದೇ, ಮಧ್ಯಾಹ್ನ ಬ್ರೆಡ್ ಹಿಟ್ಟು ನಾದುವಾಗ್ಲೂ ಅದೇ.

ಕೇಳಿದ್ದು ಒಂಟಾರಿಯೋ ಕಡೆಯ ಹುಡುಗಿ, ಕಾಲೇಜ್ ಸ್ಟೂಡೆಂಟು, ಗಿಡ ನೆಡೋಕೆ ಮೊದಲನೇ ಸೀಸನ್ನು. ಕೆನಡಾದಲ್ಲಿ ಗಿಡ ನೆಡೋರ ಕ್ಯಾಂಪಿಗೆ ನಾನು ಕುಕ್ಕು. ನಮ್ಮ ಕ್ಯಾಂಪ್ ಈ ಸಲ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಮೆಕೆಂಜಿ ಊರಿಂದಾನೂ ಮೇಲಕ್ಕೆ, ಲಾಗಿಂಗ್ ಲಾರಿಗಳು ಓಡಾಡೋ ಮಣ್ಣು ರೋಡಲ್ಲಿ ಎದುರಿನ ಲಾರಿಗೆ ಗೊತ್ತಾಗ್ಲಿ ಅಂತ ಎಷ್ಟನೇ ಕಿಲೋಮೀಟರಲ್ಲಿದೀವಿ ಅಂತ ರೇಡಿಯೋದಲ್ಲಿ ಕೂಗ್ತಾ ಕೂಗ್ತಾ ಬರಬೇಕು, ಫೋನ್ ಸಿಗ್ನಲ್ ಅಂತೂ ಮರೆತುಬಿಡಿ. ಅವತ್ತು ಜೂನ್ ತಿಂಗಳಲ್ಲೂ ಮಳೆ ಜೊತೆ ಆಲಿಕಲ್ಲು. ಸಂಜೆ ಹುಡುಗರು ಊಟಕ್ಕೆ ಕೂತು ಅವತ್ತು ಎಷ್ಟು ಗಿಡ ನೆಟ್ರು ಅಂತ ಟ್ಯಾಲಿ ಹೇಳ್ತಾ ಇದ್ರು, ಒಬ್ಬ ಎರಡು ಸಾವಿರದ ಎಂಟುನೂರು, ಇನ್ನೊಬ್ಬಳು ಎರಡು ಸಾವಿರದ ನೂರು, ಈ ಹುಡುಗಿ ನಾನೂರು ಅಂದ್ಲು. ಯಾರೂ ನಗಲಿಲ್ಲ. ನಕ್ಕಿದ್ರೇ ವಾಸಿ ಇತ್ತು.

ಇಲ್ಲಿ ಸಂಬಳ ಗಿಡದ ಲೆಕ್ಕ. ಒಂದಕ್ಕೆ ಹದಿನೈದಿಪ್ಪತ್ತು ಸೆಂಟ್ಸು, ಜಾಗ ಕಷ್ಟ ಇದ್ರೆ ಸ್ವಲ್ಪ ಜಾಸ್ತಿ. ನಾನೂರು ಗಿಡ ಅಂದ್ರೆ ನೀವೇ ಗುಣಿಸಿಕೊಳ್ಳಿ, ಅದರಲ್ಲಿ ಕ್ಯಾಂಪ್ ಕಾಸ್ಟ್ ಅಂತ ದಿನಕ್ಕೆ 25 ಡಾಲರ್ ಕಟ್, ಅಂದ್ರೆ ನಾನು ಮಾಡೋ ಊಟದ ದುಡ್ಡು. ಮಿನಿಮಮ್ ವೇಜ್‌ಗಿಂತ ಕಮ್ಮಿ ಆದ್ರೆ ಕಂಪನಿ ತುಂಬಿ ಕೊಡಬೇಕು ಅಂತ ಕಾನೂನಿದೆ, ಕೊಡ್ತಾರೆ ಕೂಡ. ಆದ್ರೆ ದಿನಾ ತುಂಬಿಸಿಕೊಳ್ಳೋರನ್ನ ಎಷ್ಟು ದಿನ ಇಟ್ಕೋತಾರೆ? ಫೋರ್‌ಮನ್‌ಗೆ ಬರೋದು ಅವನ ಕ್ರೂ ನೆಟ್ಟ ಗಿಡದ ಮೇಲೆ ಕಮಿಷನ್ನು, ಅವನಿಗೆ ಟ್ರಕ್ಕಲ್ಲಿರೋ ಒಂದೊಂದು ಸೀಟೂ ದುಡ್ಡು. ಆ ಮನುಷ್ಯ ಕೆಟ್ಟವನಲ್ಲ, ಮುಖದ ತುಂಬ ನಗು, ಎಲ್ಲರ ಬರ್ತ್‌ಡೇ ನೆನಪಿಟ್ಕೋತಾನೆ. ಆದ್ರೆ ಅಂಥವರನ್ನ ಕಂಡ್ರೆ ನಂಗೆ ಒಂಥರಾ ಭಯ, ಬೈಯೋರೇ ಮೇಲು.

ಪಾತ್ರೆ ತೊಳೆಯೋ ಹೊತ್ತಿಗೆ ಅವಳು ಕಿಚನ್ ಟ್ರೈಲರ್ ಹಿಂಬಾಗಿಲಿಗೆ ಬಂದ್ಲು. ಕರಡಿಗೆ ಅಂತ ಹಾಕಿರೋ ಕರೆಂಟ್ ಬೇಲಿ ಒಳಗಡೆನೇ ನಿಂತು ಕೇಳಿದ್ದು ಆ ಮಾತು. ಕುಕ್‌ಗೆ ತಲೆ ಲೆಕ್ಕದಲ್ಲಿ ದುಡ್ಡು ಅಂತ ಯಾರೋ ಹೇಳಿದ್ರಂತೆ. ನಿಜಾನೇ, ದಿನಕ್ಕೆ ಎಷ್ಟು ಜನ ಉಂಡ್ರೋ ಅಷ್ಟು ತಲೆಗೆ ಇಷ್ಟು. ಹೇಳಿದೆ, ಇದ್ದದ್ದು ಇದ್ದ ಹಾಗೆ. (ಎಷ್ಟು ಅಂತ ಇಲ್ಲಿ ಬರೆಯಲ್ಲ, ಕಂಪನಿಯವರಿಗೆ ಕನ್ನಡ ಬರಲ್ಲ ನಿಜ, ಆದ್ರೂ.) ಅವಳು ಸೀಸನ್ ಮುಗಿಯೋಕೆ ಇನ್ನೆಷ್ಟು ದಿನ ಅಂತ ಬೆರಳಲ್ಲಿ ಎಣಿಸಿ ಬಾಯಲ್ಲೇ ಗುಣಿಸಿ, "ಹಾಗಾದ್ರೆ ನಾನಿರೋದು ನಿಂಗೆ ಬೇಕು, ಫೋರ್‌ಮನ್‌ಗೆ ಬೇಡ" ಅಂದ್ಲು. ದನಿಯಲ್ಲಿ ಬೇಜಾರು ಏನಿಲ್ಲ, ಹೋಮ್‌ವರ್ಕ್ ಉತ್ತರ ತಾಳೆ ಬಿತ್ತು ಅನ್ನೋ ಹಾಗೆ. ಟ್ರೇಯಿಂದ ಎರಡು ಕುಕೀ ತಗೊಂಡು ಟೆಂಟ್ ಕಡೆ ಹೊರಟ್ಲು. ಟೆಂಟಲ್ಲಿ ತಿನ್ನಬೇಡ, ಕರಡಿ ಬರುತ್ತೆ ಅಂದೆ, ನಡೀತಾನೇ ತಿಂದು ಮುಗಿಸಿದ್ಲು.

ನಂಗ್ಯಾಕೆ ಇಷ್ಟು ಚುಚ್ಚಿತು ಅಂದ್ರೆ ಈ ಲೆಕ್ಕ ನಂಗೆ ಹುಟ್ಟಿನಿಂದ ಗೊತ್ತು. ಶಿರಸಿ ಕಡೆ ನಮ್ಮಪ್ಪ ಮದುವೆ ಮನೆ ಅಡಿಗೆಗೆ ಹೋಗ್ತಿದ್ದ, ಎಲೆ ಲೆಕ್ಕ. ಊಟ ಆದ್ಮೇಲೆ ಹಿತ್ತಲಲ್ಲಿ ಎಂಜಲೆಲೆ ಎಣಿಸೋರು, ಎಂಟುನೂರು ಅಂತ ಅಪ್ಪ, ಏಳುನೂರೈವತ್ತು ಅಂತ ಯಜಮಾನ್ರು, ಮಕ್ಕಳು ಅರ್ಧ ತಿಂದ ಎಲೆ ಇಡೀನೋ ಅರ್ಧಾನೋ ಅಂತ ಅರ್ಧ ಗಂಟೆ ಜಗಳ. ಆದ್ರೆ ಉಂಡವರಿಗೆ ಆ ಲೆಕ್ಕ ಗೊತ್ತಾಗ್ತಿರ್ಲಿಲ್ಲ. ಬಾಳೆಕಾಯಿ ಬಜೆ ತಿಂದು ಕೈ ತೊಳ್ಕೊಂಡು ಹೋಗೋರಿಗೆ ತಾವೊಂದು ಎಲೆ ಅಂತ ಯಾಕೆ ಗೊತ್ತಾಗಬೇಕು? ಈ ಹುಡುಗಿ ಬಂದು ನೇರ ಕೇಳಿಬಿಟ್ಲು, ನಾನು ಎಷ್ಟು ಬೆಲೆಯ ಎಲೆ ಅಂತ.

ಇಲ್ಲಿ ಎಣಿಸದೆ ಇರೋದು ಯಾವುದೂ ಇಲ್ಲ ಅನ್ನಿ. 1987ರಿಂದ ಕಾಡು ಕಡಿದ ಕಂಪನಿನೇ ವಾಪಸ್ ಬೆಳೆಸಿಕೊಡಬೇಕು ಅನ್ನೋದು ಈ ಪ್ರಾಂತ್ಯದ ಕಾನೂನು, ಹಾಗಾಗಿ ಗಿಡ ಎಣಿಸ್ತಾರೆ, ಅಲ್ಲಲ್ಲಿ ಒಂದೊಂದು ತುಂಡು ಜಾಗ ಗುರುತು ಹಾಕಿ ಗಿಡಗಳ ಮಧ್ಯೆ ಗ್ಯಾಪ್ ನೋಡ್ತಾರೆ, ಬೇರು ಸೊಟ್ಟ ಇದ್ರೆ ಮತ್ತೆ ನೆಡು ಅಂತಾರೆ. 2020ರಲ್ಲಿ, ಕೋವಿಡ್ ಮಧ್ಯದಲ್ಲೂ, ಇಲ್ಲಿ 30 ಕೋಟಿಗೂ ಮೇಲೆ ಸಸಿ ನೆಟ್ಟರು ಅಂತ ಪೇಪರಲ್ಲಿ ಬಂದಿತ್ತು. ಇಲ್ಲಿಗೆ ಬರೋ ಪೈನ್, ಸ್ಪ್ರೂಸ್ ಸಸಿಗಳಂತೂ ಫ್ರಿಡ್ಜ್ ಟ್ರಕ್ಕಲ್ಲಿ ತಣ್ಣಗೆ ಮಲಗಿರ್ತವೆ, ಹುಡುಗರು ಒದ್ದೆ ಟೆಂಟಲ್ಲಿ. ಸಸಿ ಕೆಟ್ರೆ ಯಾರೋ ಉತ್ತರ ಹೇಳಬೇಕು, ಹುಡುಗಿ ಸೋತ್ರೆ ಮನೆಗೆ ಕಳಿಸಿದ್ರಾಯ್ತು.

ನಾನೇನು ಸಂತ ಅಲ್ಲ. ಹುಡುಗರು ಬಿಟ್ಟು ಹೋಗ್ತಾರೆ ಅಂತಾನೇ ಮೊದಲ ವಾರ ಅಡಿಗೆ ಚೆನ್ನಾಗಿ ಮಾಡೋದು, ಎಲ್ಲ ಕ್ಯಾಂಪ್ ಕುಕ್‌ಗಳೂ ಮಾಡ್ತಾರೆ, ಊಟ ಕೆಟ್ರೆ ಮೊದಲು ಖಾಲಿ ಆಗೋದು ರೂಕಿಗಳ, ಅಂದ್ರೆ ಹೊಸಬರ ಟೆಂಟು. ವೀಗನ್ನರು ಜಾಸ್ತಿ ಆದ್ಮೇಲೆ ನಮ್ಮ ಬೇಳೆಗೂ ಭಾರಿ ಮರ್ಯಾದೆ ಬಂದಿದೆ, ಚಿತ್ರಾನ್ನ ಮಾಡಿ ಬೋರ್ಡಲ್ಲಿ ಲೆಮನ್ ರೈಸ್ ಅಂತ ಬರೆದ್ರೆ ಡ್ರಮ್ಮೇ ಖಾಲಿ. ಇದೆಲ್ಲ ಪ್ರೀತಿನಾ ವ್ಯಾಪಾರನಾ ಅಂತ ನಾನು ಯೋಚ್ನೆ ಮಾಡಿರ್ಲಿಲ್ಲ, ಮಾಡೋಕೆ ಟೈಮೂ ಇರಲ್ಲ, ನಲವತ್ತು ಜನರ ಗಂಜಿ ತಳ ಹಿಡಿಯೋಕೆ ಒಂದು ನಿಮಿಷ ಸಾಕು. ಈಗ ಯಾರಾದ್ರೂ ಎರಡನೇ ಸಲ ಬಡಿಸಿಕೊಳ್ಳೋಕೆ ಬಂದ್ರೆ ಇವರಿಗೂ ಆ ಲೆಕ್ಕ ಗೊತ್ತಾ ಅಂತ ಮುಖ ನೋಡೋ ಹಾಗಾಗಿದೆ.

ರಜೆ ದಿನ ಆ ಹುಡುಗಿ ಟ್ರಕ್ಕಲ್ಲಿ ಎಲ್ಲರ ಜೊತೆ ಪ್ರಿನ್ಸ್ ಜಾರ್ಜ್ ಪೇಟೆಗೆ ಬಂದ್ಲು. ನಾನು ದಿನಸಿ ತಗೊಂಡು ಬರೋ ಹೊತ್ತಿಗೆ ಬ್ಯಾಗ್ ಇಳಿಸಿಕೊಂಡಾಗಿತ್ತು, ಇನ್ನು ಕ್ಯಾಂಪಿಗೆ ವಾಪಸ್ ಬರಲ್ಲ ಅಂತ. ಹಾಕ್ಕೊಳ್ಳೋ ಬೂಟ್ಸನ್ನ ಇನ್ನೊಬ್ಬ ಹುಡುಗಿಗೆ ಅರ್ಧ ರೇಟಿಗೆ ಮಾರಿದ್ಲಂತೆ, ಅದು ಕೇಳಿ ಒಂಥರಾ ಖುಷಿ ಆಯ್ತು.

ಎರಡನೇ ದಿನಕ್ಕೇ ಅದೇ ಸೀಟಿಗೆ ಹೊಸ ಹುಡುಗ ಬಂದ. ಅಂದ್ರೆ ಅವಳು ಬೆರಳೆಣಿಸಿ ಗುಣಿಸಿದ ಅಷ್ಟೂ ದುಡ್ಡು ಸುಳ್ಳು, ನನಗೆ ಹೋಗಿದ್ದು ಒಂದು ದಿನದ್ದು. ಈ ಮಹಾಶಯ ಬಂದವನೇ ಹೆಸರು ಹೇಳೋಕೆ ಮುಂಚೆ ಓಟ್ ಮಿಲ್ಕ್ ಇದೆಯಾ ಅಂದ. ಇದೆ ಅಂದೆ. ಅನ್‌ಸ್ವೀಟನ್ಡ್ ಅಲ್ವಾ ಅಂದ.